ಏಕಕುಕ್ಷಿ ಹೃದಯವೂ ರಕ್ತದ ಪಂಪೂ

ಸಂಘದ ವಾರ್ಷಿಕೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಲೇಖನವೊಂದನ್ನು ಒದಗಿಸಬೇಕೆಂದು ಸಂಪಾದಕ ಮಹಾಶಯರು ನಮಗೆ ಅಪ್ಪಣೆ ಮಾಡಿದರು. ಕಾಸರಗೋಡಿನ ನೆಲದಲ್ಲಿ ಚರಿತ್ರೆಗೆ ಬರವಿಲ್ಲ. ಕುಂಬಳೆಯ ಅರಸರುಂಟು, ಬೇಕಲದ ಕೋಟೆಯುಂಟು, ಪಾರ್ತಿಸುಬ್ಬನುಂಟು, ಮಂಜೇಶ್ವರದ ಗೋವಿಂದ ಪೈಗಳುಂಟು. ಇವರನ್ನು ಕುರಿತು ಬರೆಯಲು ನಮಗಿಂತ ಬಲ್ಲವರು ಅನೇಕರಿರುವುದರಿಂದ ನಾವು ಆ ದಾರಿಯನ್ನು ಬಿಟ್ಟು, ಮಾನವನ ಹೃದಯದ ಬಲಭಾಗಕ್ಕೆ ಸಂಬಂಧಿಸಿದ ಎಪ್ಪತ್ತೈದು ವರ್ಷಗಳ ಚರಿತ್ರೆಯೊಂದನ್ನು ಹೇಳಲು ಹೊರಟಿದ್ದೇವೆ. ಕನ್ನಡ ಪಂಡಿತನಿಗೆ ಈ ಅಧಿಕಪ್ರಸಂಗವೇಕೆ ಎಂದು ವಾಚಕರು ಕೇಳುವುದು ನ್ಯಾಯವಾಗಿದೆ. ಕಾರಣವನ್ನು ಹೇಳಿಬಿಡುತ್ತೇವೆ.

ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ತಾಯಿಯೂ ಒಂದು ಕಾಲದಲ್ಲಿ ನಮ್ಮ ಶಿಷ್ಯೆಯೇ. ಕಳೆದ ವರ್ಷ ಆಟೋಟ ಸ್ಪರ್ಧೆಯ ದಿನ ಮೈದಾನದ ನಿರ್ವಹಣೆ ನಮ್ಮ ಪಾಲಿಗೆ ಬಂದಿತ್ತು. ಎಲ್ಲರೂ ಓಡುತ್ತಿರುವಾಗ ಈ ಹುಡುಗಿ ಗೇರುಮರದ ಬುಡದಲ್ಲಿ ಕುಳಿತಿದ್ದುದನ್ನು ಕಂಡು ನಾವು ಸೋಮಾರಿಯೆಂದು ಗದರಿದೆವು. ಅವಳು ಎದುರು ಮಾತಾಡದೆ ಎದ್ದು ಸಾಲಿನಲ್ಲಿ ನಿಂತು ಅರ್ಧ ಸುತ್ತು ಓಡಿದಳು. ತುಟಿ ನೀಲಿಗಟ್ಟಿ ಕುಸಿದು ಕುಳಿತಳು. ಮರುದಿನ ಅವಳ ತಾಯಿ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ನಮ್ಮ ಮೇಲೆ ದೂರು ಹೇಳಲು ಬಂದಿರಬಹುದೆಂದು ನಾವು ತಲೆ ತಗ್ಗಿಸಿ ನಿಂತೆವು. ಅವಳು ಅಂದದ್ದು ಇಷ್ಟೆ: “ಮಾಷ್ಟ್ರೇ, ಇದರಲ್ಲಿ ಬರೆದದ್ದು ಏನೂಂತ ಒಮ್ಮೆ ಓದಿ ಹೇಳ್ತೀರಾ? ಐದನೇ ವರ್ಷದಲ್ಲಿ ಆಪರೇಶನ್ ಆದದ್ದು. ಅಲ್ಲಿ ಅವರು ಮಲಯಾಳದಲ್ಲಿ ಹೇಳಿದ್ದರು, ಕಾಗದ ಇಂಗ್ಲಿಷಿನಲ್ಲಿ ಉಂಟು. ನನಗೆ ಸಮ ಅರ್ಥ ಆಗಲಿಲ್ಲ.”

ಕೇರಳ ಸರಕಾರವು 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯ ನೆರವಿನಿಂದ ಅವಳಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು. ಮಗು ಬದುಕಿತು, ಆದರೆ ಯಾವ ವಿಧದಿಂದ ಬದುಕಿತು ಎಂಬುದನ್ನು ತಾಯಿಯ ಭಾಷೆಯಲ್ಲಿ ಆಕೆಗೆ ಯಾರೂ ತಿಳಿಸಿರಲಿಲ್ಲ. ಕಾಗದದಲ್ಲಿ ‘ಫಾಂಟನ್’ ಎಂಬ ಶಬ್ದವಿತ್ತು. ಅದು ಔಷಧದ ಹೆಸರೆಂದು ಆಕೆ ಭಾವಿಸಿದ್ದಳು. ನಾವೂ ಮೊದಲು ಹಾಗೆಯೇ ಭಾವಿಸಿದೆವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಅನಂತರ ವೈದ್ಯ ಮಿತ್ರರಿಂದಲೂ ಪುಸ್ತಕಗಳಿಂದಲೂ ಸಂಗ್ರಹಿಸಿದುದನ್ನು ಆ ತಾಯಿಗೆ ಹೇಳಿದಂತೆಯೇ ಇಲ್ಲಿ ಹೇಳುತ್ತೇವೆ.

ಹೃದಯದಲ್ಲಿ ನಾಲ್ಕು ಕೋಣೆಗಳಿರುವುದನ್ನು ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದಿಯೇ ಇರುತ್ತಾರೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಕೆಲಸ ಮಾಡುವ ಪಂಪುಗಳೆಂದರೆ ಕೆಳಗಿನ ಎರಡು. ದೇಹದಿಂದ ಮರಳಿದ ಕಪ್ಪುರಕ್ತವನ್ನು ಬಲಗುಕ್ಷಿಯು ಶ್ವಾಸಕೋಶಕ್ಕೆ ತಳ್ಳುತ್ತದೆ; ಅಲ್ಲಿ ಶುದ್ಧವಾಗಿ ಬಂದುದನ್ನು ಎಡಗುಕ್ಷಿಯು ಸರ್ವಾಂಗಕ್ಕೂ ತಳ್ಳುತ್ತದೆ. ಒಂದರ ಹಿಂದೆ ಒಂದು, ಎರಡು ಏತಗಳು. ಈ ಸಂಗತಿಯು ಇಂದು ನಮಗೆ ಸಾಮಾನ್ಯವಾಗಿ ಕಂಡರೂ ಲೋಕಕ್ಕೆ ತಿಳಿಯಲು ಬಹುಕಾಲ ಹಿಡಿಯಿತು. ಎರಡನೆಯ ಶತಮಾನದ ಗೇಲನ್ ಎಂಬ ಗ್ರೀಕ್ ವೈದ್ಯನು ಎರಡು ಕುಕ್ಷಿಗಳ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿದ್ದು ಅವುಗಳ ಮೂಲಕ ರಕ್ತ ಒಸರುತ್ತದೆಂದು ಹೇಳಿದ್ದನ್ನು ಯುರೋಪು ಸಾವಿರದ ಮುನ್ನೂರು ವರ್ಷಗಳಿಗೂ ಮಿಕ್ಕಿ ನಂಬಿತು. ಹದಿಮೂರನೆಯ ಶತಮಾನದಲ್ಲಿ ಕೈರೋ ನಗರದ ವೈದ್ಯ ಇಬ್ನ್ ಅಲ್-ನಫೀಸನು ಆ ರಂಧ್ರಗಳೇ ಇಲ್ಲವೆಂದೂ ರಕ್ತವು ಶ್ವಾಸಕೋಶದ ಮೂಲಕವೇ ಹಾದುಬರಬೇಕೆಂದೂ ಬರೆದನು. ಕೊನೆಗೆ 1628ರಲ್ಲಿ ಆಂಗ್ಲ ವೈದ್ಯ ವಿಲಿಯಂ ಹಾರ್ವೆಯು ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ತನ್ನ ಚಿಕ್ಕ ಲ್ಯಾಟಿನ್ ಗ್ರಂಥದಲ್ಲಿ ರಕ್ತಪರಿಚಲನೆಯನ್ನು ಲೆಕ್ಕಾಚಾರ ಸಹಿತ ಸ್ಥಾಪಿಸಿದನು. ಆ ಗ್ರಂಥದಲ್ಲಿ ಆತನು ಮೀನಿನ ಮಾತನ್ನೂ ಎತ್ತಿದ್ದಾನೆ. ಮೀನಿಗೆ ಹೃತ್ಕುಕ್ಷಿ ಒಂದೇ. ಈ ಮೀನನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಕೆಲವು ಶಿಶುಗಳು ಹುಟ್ಟುವಾಗಲೇ ಒಂದು ಹೃತ್ಕುಕ್ಷಿ ಬೆಳೆಯದೆ ಉಳಿದಿರುತ್ತದೆ. ಬಲಬದಿಯ ಕವಾಟ ತೆರೆಯದೆ ಬಲಗುಕ್ಷಿ ಮುರುಟಿರುವುದೊಂದು ಬಗೆ. ಎಡಗುಕ್ಷಿಯೇ ಮುರುಟಿರುವುದು ಇನ್ನೊಂದು ಬಗೆ. ಉಳಿದ ಒಂದೇ ಕುಕ್ಷಿಯಲ್ಲಿ ಕೆಂಪು ಕಪ್ಪು ರಕ್ತಗಳೆರಡೂ ಬೆರೆಯುತ್ತವೆ, ಮಗು ನೀಲಿಗಟ್ಟುತ್ತದೆ. ಹಿಂದೆ ಇಂಥ ಶಿಶುಗಳಲ್ಲಿ ಹೆಚ್ಚಿನವು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದುವು. ನಮ್ಮ ಹಿರಿಯರು ‘ಮಗುವಿಗೆ ಉಸಿರು ಕಟ್ಟಿತು’ ಎಂದು ಹೇಳಿ ಕಣ್ಣೊರಸಿಕೊಳ್ಳುತ್ತಿದ್ದ ಸಾವುಗಳಲ್ಲಿ ಇವೂ ಕೆಲವಿದ್ದಿರಬೇಕು.

ನೀಲಿ ಶಿಶುಗಳಿಗೆ ಮೊದಲ ದಾರಿ ತೆರೆದದ್ದು ಅಮೇರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ, 1944ರ ನವೆಂಬರ್ 29ರಂದು. ಕಿವಿ ಮಂದವಾಗಿದ್ದುದರಿಂದ ಮಕ್ಕಳ ಎದೆಬಡಿತವನ್ನು ಬೆರಳುಗಳಿಂದಲೇ ಅರಿಯುತ್ತಿದ್ದ ಹೆಲೆನ್ ಟಾಸಿಗ್ ಎಂಬ ಮಹಿಳಾ ವೈದ್ಯರು ಉಪಾಯವನ್ನು ಸೂಚಿಸಿದರು. ಆಲ್ಫ್ರೆಡ್ ಬ್ಲಾಲಾಕ್ ಎಂಬ ಶಸ್ತ್ರವೈದ್ಯರು ಕೈಯಾಡಿಸಿದರು. ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿದು ಹೆಚ್ಚು ರಕ್ತವು ಶ್ವಾಸಕೋಶಕ್ಕೆ ಹೋಗುವಂತೆ ಮಾಡಿದರು. ಈ ಹೊಲಿಗೆಯ ವಿಧಾನವನ್ನು ನಾಯಿಗಳ ಮೇಲೆ ಪ್ರಯೋಗಿಸಿ ಪಳಗಿಸಿದವರು ವಿವಿಯನ್ ಥಾಮಸ್ ಎಂಬ ಕರಿಯ ಸಹಾಯಕರು. ಕಾಲೇಜು ಮೆಟ್ಟಲು ಹತ್ತಲು ಹಣವಿಲ್ಲದೆ ಹೋದ ಅವರು ಅಂದು ಬ್ಲಾಲಾಕರ ಬೆನ್ನ ಹಿಂದೆ ಪೀಠದ ಮೇಲೆ ನಿಂತು ಹೊಲಿಗೆ ಹೊಲಿಗೆಗೂ ಸಲಹೆ ಕೊಡುತ್ತಿದ್ದರು. ಅವರಿಗೆ ಗೌರವ ಡಾಕ್ಟರೇಟು ದೊರೆತದ್ದು 1976ರಲ್ಲಿ. ಮರ್ಯಾದೆ ತಡವಾಗಿ ತಲಪುವುದು ಎಲ್ಲ ದೇಶಗಳಿಗೂ ಸಮಾನವಾದ ಧರ್ಮವೆಂದು ಕಾಣುತ್ತದೆ.

ಇನ್ನು ನಮ್ಮ ಮುಖ್ಯ ವಿಷಯ. ಅಮೇರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಯೇಲ್ ವಿಶ್ವವಿದ್ಯಾಲಯವಿದೆ. ಅದೇ ಊರಿನಲ್ಲಿ ಅಂದು ‘ಇರೆಕ್ಟರ್ ಸೆಟ್’ ಎಂಬ ಮಕ್ಕಳ ಆಟದ ಸಾಮಾನಿನ ಕಾರ್ಖಾನೆಯೂ ಇತ್ತು. ಲೋಹದ ಪಟ್ಟಿ, ತಿರುಪು, ಹಲ್ಲುಚಕ್ರ, ಪುಟ್ಟ ಮೋಟಾರು ಇವುಗಳನ್ನು ಜೋಡಿಸಿ ಸೇತುವೆಯನ್ನೋ ಗಾಣವನ್ನೋ ಮಾಡುವ ಆಟವದು. ನಮ್ಮಲ್ಲಿ ಕೆಲವರು ‘ಮೆಕ್ಯಾನೊ’ ಎಂಬ ಹೆಸರಿನಲ್ಲಿ ಅಂಥದನ್ನು ಕಂಡಿರಬಹುದು. ಆ ಕಾರ್ಖಾನೆಯ ಒಡೆಯರಾದ ಗಿಲ್ಬರ್ಟರೂ ಯೇಲಿನಲ್ಲಿಯೇ ವೈದ್ಯವಿದ್ಯೆ ಕಲಿತು, ವೈದ್ಯರಾಗದೆ ಆಟಿಕೆಯ ವ್ಯಾಪಾರಕ್ಕಿಳಿದವರು. 1949ರಲ್ಲಿ ವಿಲಿಯಂ ಸೂವೆಲ್ ಎಂಬ ವೈದ್ಯ ವಿದ್ಯಾರ್ಥಿಯು ತನ್ನ ಪ್ರೌಢಪ್ರಬಂಧಕ್ಕಾಗಿ ಆ ಆಟಿಕೆಯ ಬಿಡಿಭಾಗಗಳಿಂದ ರಕ್ತದ ಪಂಪೊಂದನ್ನು ರಚಿಸಿದನು. ಒಟ್ಟು ಖರ್ಚು ಇಪ್ಪತ್ತೈದು ಡಾಲರುಗಳ ಒಳಗೆ. ನಾಯಿಯೊಂದರ ಹೃದಯದ ಬಲಭಾಗವನ್ನು ಬದಿಗಿಟ್ಟು, ದೇಹದಿಂದ ಬಂದ ರಕ್ತವನ್ನು ಈ ಪಂಪಿನಿಂದ ನೇರವಾಗಿ ಶ್ವಾಸಕೋಶದ ಅಪಧಮನಿಗೆ ಕಳುಹಿಸಿದನು. ಒಂದು ಗಂಟೆಗೂ ಮಿಕ್ಕಿ ನಾಯಿಯ ಬಲಗುಕ್ಷಿಗೆ ಕೆಲಸವಿರಲಿಲ್ಲ, ನಾಯಿ ಬದುಕಿತ್ತು. ಆಗ ಅವನಿಗೆ ಮಾರ್ಗದರ್ಶಕರಾಗಿದ್ದವರು ವಿಲಿಯಂ ಗ್ಲೆನ್ ಎಂಬ ಶಸ್ತ್ರವೈದ್ಯರು. ಗುರುಶಿಷ್ಯರಿಬ್ಬರೂ ಸೇರಿ ಇದನ್ನು 1950ರಲ್ಲಿ ಪ್ರಕಟಿಸಿದರು. ಆ ಪಂಪು ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದ ವಸ್ತು.

ಹೃದಯದ ಬಲಭಾಗಕ್ಕೆ ಬದಲಾಗಿ ಪಂಪನ್ನಿಡುವ ಯೋಚನೆಯಿಂದಲೇ ಕೆಲಸ ಆರಂಭವಾಯಿತೆಂಬುದನ್ನು ವಾಚಕರು ಗಮನಿಸಬೇಕು. ಆದರೆ ಗ್ಲೆನ್ನರ ಮನಸ್ಸು ಬೇರೊಂದು ಕಡೆಗೆ ತಿರುಗಿತು. ಬಲಗುಕ್ಷಿಗೆ ಬದಲಾಗಿ ಪಂಪನ್ನಿಡಬಹುದಾದರೆ, ಪಂಪನ್ನೂ ಏಕೆ ತೆಗೆದುಬಿಡಬಾರದು? ಶ್ವಾಸಕೋಶದಲ್ಲಿ ರಕ್ತದ ಹಾದಿ ಬಹು ಸಡಿಲ. ಎಡಗುಕ್ಷಿಯು 120 ಮಿಲಿಮೀಟರು ಪಾದರಸದ ಒತ್ತಡದಿಂದ ತಳ್ಳಬೇಕಾದರೆ, ಶ್ವಾಸಕೋಶದ ಅಪಧಮನಿಯಲ್ಲಿ ಸರಾಸರಿ 15ರಷ್ಟಿದ್ದರೆ ಸಾಕು. ಅಭಿಧಮನಿಯಲ್ಲಿ ಉಳಿದಿರುವ ಅಲ್ಪ ಒತ್ತಡದಿಂದಲೇ ರಕ್ತವು ತಾನಾಗಿ ಹರಿದುಹೋಗಬಾರದೇಕೆ? ಇಟಲಿಯ ಪಾಡುವಾದಲ್ಲಿ ಕಾರ್ಲಾನ್ ಎಂಬವರು 1951ರಲ್ಲಿ ಪ್ರಾಣಿಗಳಲ್ಲಿ ಇದನ್ನು ಮಾಡಿ ನೋಡಿದ್ದರು. ಮಾಸ್ಕೋದ ಮೆಷಾಲ್ಕಿನ್ 1956ರಲ್ಲಿ ಮಕ್ಕಳಲ್ಲಿಯೇ ಮಾಡಿದ್ದರು. ಗ್ಲೆನ್ನರು 1958ರಲ್ಲಿ ಏಳು ವರ್ಷದ ಬಾಲಕನೊಬ್ಬನಿಗೆ ತಲೆ ಮತ್ತು ತೋಳುಗಳಿಂದ ಬರುವ ಮೇಲಿನ ಮಹಾಸಿರೆಯನ್ನು ಬಲ ಶ್ವಾಸಕೋಶದ ಅಪಧಮನಿಗೆ ಹೊಲಿದರು. ಅರ್ಧದಷ್ಟು ಕಪ್ಪುರಕ್ತವು ಹೃದಯವನ್ನು ಮುಟ್ಟದೆಯೇ ಶ್ವಾಸಕೋಶವನ್ನು ಸೇರಿತು. ಪಂಪಿಲ್ಲದೆ!

ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಕಷ್ಟಪಡಬೇಕಾಗಿಲ್ಲ. ನಮ್ಮ ಗುಡ್ಡಗಳ ಒಡಲಲ್ಲಿ ಸುರಂಗಗಳಿವೆ. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರಿನ ಒರತೆ ಸಿಕ್ಕುವವರೆಗೆ ಒಳಹೊಕ್ಕ ನಮ್ಮ ಹಿರಿಯರು ಏತವನ್ನೂ ಹೂಡಲಿಲ್ಲ, ಎಂಜಿನನ್ನೂ ಇಡಲಿಲ್ಲ. ಒಳಗಿನ ನೆಲಕ್ಕೆ ಕೊಟ್ಟ ಸ್ವಲ್ಪವೇ ಇಳಿಜಾರಿನಿಂದ ನೀರು ತಾನಾಗಿ ಬಂದು ಅಂಗಳದ ಕೆರೆಯನ್ನು ತುಂಬುತ್ತದೆ. ಗ್ಲೆನ್ನರು ಮಾಡಿದುದು ಸುರಂಗದ ಕೆಲಸ. ಆದರೆ ಸುರಂಗದ ಒಡೆಯನಿಗೆ ತಿಳಿದಿರುವ ಇನ್ನೊಂದು ಸಂಗತಿಯಿದೆ: ಕೆರೆಯ ಮಟ್ಟ ಏರಿದರೆ ನೀರು ಒಳಗೇ ನಿಲ್ಲುತ್ತದೆ.

ಅರ್ಧವನ್ನು ಗ್ಲೆನ್ನರು ಮಾಡಿದರೆ ಪೂರ್ತಿಯನ್ನು ಮಾಡಿದವರು ಫ್ರಾನ್ಸಿನ ಬೋರ್ಡೋ ನಗರದ ಫ್ರಾನ್ಸಿಸ್ ಫಾಂಟನ್. ಔಷಧವೆಂದು ನಾವು ಭ್ರಮಿಸಿದ ಹೆಸರು ಇವರದೇ. ಅವರ ಪ್ರಯೋಗದ ನಾಯಿಗಳು ಕೆಲವೇ ಗಂಟೆಗಳಲ್ಲಿ ಸತ್ತಿದ್ದುವು. ಆದರೂ ರೋಗಿಯ ದೇಹವು ನಾಯಿಯ ದೇಹದಂತಲ್ಲ, ಹುಟ್ಟಿದಂದಿನಿಂದ ಅದು ಹೊಂದಿಕೊಂಡಿರುತ್ತದೆ ಎಂಬ ನಂಬಿಕೆಯಿಂದ 1968ರ ಏಪ್ರಿಲಿನಲ್ಲಿ ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಮೇಲೆ ಅವರು ಕೈಯಿಟ್ಟರು. ದಕ್ಷಿಣ ಆಫ್ರಿಕದಲ್ಲಿ ಬಾರ್ನಾರ್ಡರು ಹೃದಯವನ್ನೇ ಬದಲಾಯಿಸಿ ಆಗ ಕೆಲವೇ ತಿಂಗಳುಗಳಾಗಿದ್ದುವು. ಲೋಕವೆಲ್ಲ ಅತ್ತ ನೋಡುತ್ತಿತ್ತು. ಬಾಲಿಕೆ ಬದುಕಿದಳು. 1971ರಲ್ಲಿ ಫಾಂಟನ್ ಮತ್ತು ಬೋಡೆ ಇಬ್ಬರೂ ಸೇರಿ ಪ್ರಕಟಿಸಿದಾಗ ರೋಗಿಗಳ ಸಂಖ್ಯೆ ಮೂರು, ಉಳಿದವರು ಇಬ್ಬರು. ಅದೇ ವರ್ಷ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರದಲ್ಲಿ ಕ್ರೂಟ್‌ಜರ್ ಎಂಬವರೂ ಸ್ವತಂತ್ರವಾಗಿ ಇದೇ ಕಾರ್ಯವನ್ನು ನೆರವೇರಿಸಿದರು.

ಫಾಂಟನರು ಬಲ ಹೃತ್ಕರ್ಣವನ್ನೇ ಚಿಕ್ಕ ಪಂಪಿನಂತೆ ದುಡಿಸಬಹುದೆಂದು ಎಣಿಸಿ, ಅದರ ಹಿಂದೆ ಮುಂದೆ ಕವಾಟಗಳನ್ನು ಇಟ್ಟಿದ್ದರು. ಇಪ್ಪತ್ತು ವರ್ಷಗಳ ಮೇಲೆ, 1988ರಲ್ಲಿ, ಲಂಡನ್ನಿನ ಡ ಲವಾಲ್ ಎಂಬವರು ಈ ಎಣಿಕೆ ಸರಿಯಲ್ಲವೆಂದು ಪ್ರಯೋಗದಿಂದ ತೋರಿಸಿದರು. ಗಾಜಿನ ಕೊಳವೆಗಳಂಥ ಮಾದರಿಯಲ್ಲಿ ದ್ರವವನ್ನು ಹರಿಸಿ ನೋಡಿದಾಗ, ನಡುವೆ ಮಿಡಿಯುವ ಕೋಣೆಯೊಂದಿದ್ದರೆ ಹರಿವಿಗೆ ನೆರವಾಗುವುದಕ್ಕೆ ಬದಲಾಗಿ ಸುಳಿಗಳೆದ್ದು ಇರುವ ಶಕ್ತಿಯೂ ನಷ್ಟವಾಗುತ್ತಿತ್ತು. ಕೋಣೆ ಬೇಡ, ನೇರವಾದ ಕೊಳವೆಯೇ ಲೇಸು. ಅಂದಿನಿಂದ ಮೇಲಿನ ಮಹಾಸಿರೆಯನ್ನೂ ಕೆಳಗಿನ ಮಹಾಸಿರೆಯನ್ನೂ ಶ್ವಾಸಕೋಶದ ಅಪಧಮನಿಗೇ ಕೂಡಿಸಿ, ನಾಲ್ಕು ದಾರಿ ಕೂಡುವ ಚೌಕದಂತೆ ಮಾಡುವ ಪದ್ಧತಿ ಬಂದಿತು. ನಮ್ಮ ಹುಡುಗಿಯ ಎದೆಯಲ್ಲಿರುವುದು ಈ ಚೌಕವೇ. ಮಗುವಿಗೆ ಕೆಲವು ತಿಂಗಳಾದಾಗ ಗ್ಲೆನ್ನರ ಅರ್ಧ, ಕೆಲವು ವರ್ಷಗಳಾದ ಮೇಲೆ ಫಾಂಟನರ ಪೂರ್ತಿ. ಹೀಗೆ ಮೆಟ್ಟಲು ಮೆಟ್ಟಲಾಗಿ ಮಾಡುತ್ತಾರೆ.

ಈಗ ಮೀನಿನ ಮಾತು. ಮೀನಿನ ಒಂಟಿ ಕುಕ್ಷಿಯು ರಕ್ತವನ್ನು ಮೊದಲು ಕಿವಿರಿಗೆ ತಳ್ಳುತ್ತದೆ. ಅಲ್ಲಿಂದ ಅದು ದೇಹಕ್ಕೆ ಹರಿಯುತ್ತದೆ. ಫಾಂಟನ್ ಚಿಕಿತ್ಸೆಯಾದ ಮನುಷ್ಯನಲ್ಲಿಯೂ ಪಂಪು ಒಂದೇ. ಆದರೆ ರಕ್ತವು ಮೊದಲು ದೇಹವನ್ನೆಲ್ಲ ಸುತ್ತಿ, ಬಳಲಿ, ಕೊನೆಯಲ್ಲಿ ಶ್ವಾಸಕೋಶವನ್ನು ದಾಟಬೇಕು. ಡ ಲವಾಲರು 2005ರಲ್ಲಿ ಬರೆದ ಪ್ರಬಂಧವೊಂದಕ್ಕೆ ಇದು ಹಾರ್ವೆಗೆ ಸವಾಲೇ ಎಂಬ ಅರ್ಥದ ಶೀರ್ಷಿಕೆ ಕೊಟ್ಟಿದ್ದಾರೆ.

ಆ ಸವಾಲಿಗೆ ಬೆಲೆ ತೆರಬೇಕಾಗಿ ಬಂತು. ದೇಹದಿಂದ ಮರಳುವ ಅಭಿಧಮನಿಗಳಲ್ಲಿ ಸಾಮಾನ್ಯವಾಗಿ 5 ಮಿಲಿಮೀಟರಿನ ಆಸುಪಾಸಿನಲ್ಲಿರುವ ಒತ್ತಡವು ಇವರಲ್ಲಿ ಹಗಲಿರುಳು 10ರಿಂದ 15ರವರೆಗೆ ನಿಲ್ಲುತ್ತದೆ. ಶ್ವಾಸಕೋಶಕ್ಕೆ ರಕ್ತವನ್ನು ನೂಕುವುದು ಈ ತುಂಬಿನಿಂತ ಒತ್ತಡವೇ. ಅತ್ತ ಹೃದಯಕ್ಕೆ ತಲಪುವ ರಕ್ತ ಕಡಮೆ. ಓಡಿದರೆ ಹೆಚ್ಚಿಸಲು ಆಸ್ಪದವಿಲ್ಲ. ಗೇರುಮರದ ಬುಡದಲ್ಲಿ ಕುಳಿತ ಹುಡುಗಿ ಸೋಮಾರಿಯಾಗಿರಲಿಲ್ಲ. ವರ್ಷಗಳು ಕಳೆದಂತೆ ಹಿಂದೆ ನಿಂತ ಒತ್ತಡದಿಂದ ಯಕೃತ್ತು ಬಾತು ಗಡಸಾಗುತ್ತದೆ. ಕೆಲವರಲ್ಲಿ ಕರುಳಿನ ಮೂಲಕ ರಕ್ತದ ಸಾರಾಂಶ ಸೋರಿಹೋಗುತ್ತದೆ. ಕೆಲವರಲ್ಲಿ ಶ್ವಾಸನಾಳಗಳಲ್ಲಿ ಅಚ್ಚೆರೆದಂತೆ ಗಟ್ಟಿ ಕಫ ಕಟ್ಟುತ್ತದೆ. ಹೃದಯದ ಲಯ ತಪ್ಪುತ್ತದೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಒಂದೇ ವಯಸ್ಸಿನಲ್ಲಿಯೂ ಬರುವುದಿಲ್ಲ. ಆದರೆ ಸುರಂಗದ ಕೆರೆ ತುಂಬುತ್ತಲೇ ಇರುತ್ತದೆ.

ಇದನ್ನು ಮೊದಲಾಗಿ ಬಿಚ್ಚಿ ಹೇಳಿದವರಲ್ಲಿ ಫಾಂಟನರೇ ಒಬ್ಬರು. 1990ರಲ್ಲಿ ಅವರೂ ಅಮೇರಿಕದ ಕರ್ಕ್‌ಲಿನ್ನರೂ ಇತರರೂ ಕೂಡಿ, ಶಸ್ತ್ರಚಿಕಿತ್ಸೆಯು ಸರ್ವವಿಧದಲ್ಲಿಯೂ ನಿರ್ದೋಷವಾಗಿ ನಡೆದರೂ ಮುಂದೇನಾಗುವುದೆಂದು ಲೆಕ್ಕ ಹಾಕಿದರು. ಹದಿನೈದು ವರ್ಷಗಳ ಮೇಲೆ ನೂರರಲ್ಲಿ 73 ಮಂದಿ ಬದುಕಿರುವರೆಂದು ಬಂತು. ಇದು ಶಮನವೇ ಹೊರತು ನಿವಾರಣೆಯಲ್ಲವೆಂದು ಅವರು ತೀರ್ಮಾನಿಸಿದರು. ತನ್ನ ಹೆಸರನ್ನೇ ಹೊತ್ತ ಕಾರ್ಯದ ಮೇಲೆ ಇಂಥ ಮಾತನ್ನು ತಾನೇ ಬರೆಯುವುದು ಸಾಮಾನ್ಯರಿಂದಾಗುವ ಕೆಲಸವಲ್ಲ. ನಮ್ಮ ವಿದ್ವಾಂಸರಲ್ಲಿ ಎಷ್ಟು ಮಂದಿ ತಮ್ಮ ಸಂಶೋಧನೆಯನ್ನು ಇಪ್ಪತ್ತೆರಡು ವರ್ಷಗಳ ಮೇಲೆ ತಾವೇ ಒರೆಗೆ ಹಚ್ಚಿದ್ದಾರೆ? ಫಾಂಟನರು 2018ರಲ್ಲಿ ಕಾಲವಾದರು. ಆ ವೇಳೆಗೆ ಅವರ ಚಿಕಿತ್ಸೆಯಿಂದ ಬದುಕುತ್ತಿದ್ದವರು ಲೋಕದಲ್ಲಿ 50,000ದಿಂದ 70,000ದ ವರೆಗೆ ಇದ್ದರೆಂಬುದು ತಜ್ಞರ ಅಂದಾಜು. 1990ರ ಲೆಕ್ಕವು ಹಳೆಯ ಪದ್ಧತಿಯದು. ಅನಂತರ ಚಿಕಿತ್ಸೆ ಪಡೆದ ಮಕ್ಕಳ ಆಯುಸ್ಸು ಅದಕ್ಕಿಂತ ಲೇಸಾಗಿದೆಯೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಆ ತಾಯಿಗೆ ನಾವು ಇದನ್ನು ಎರಡು ಬಾರಿ ಹೇಳಿದೆವು.

ಹೀಗೆ, ಪಂಪನ್ನು ತೆಗೆದುಹಾಕಿ ಬದುಕಿಸಿದ ಮಕ್ಕಳು ದೊಡ್ಡವರಾದಾಗ, ತೆಗೆದ ಪಂಪನ್ನು ಮರಳಿ ಇಡುವ ಪ್ರಶ್ನೆ ಎದ್ದಿತು. ಅಷ್ಟರಲ್ಲಿ ಪಂಪಿನ ವಿದ್ಯೆಯೂ ಬಹಳ ಮುಂದೆ ಬಂದಿತ್ತು. 1953ರಲ್ಲಿ ಗಿಬ್ಬನ್ನರು ಫಿಲಡೆಲ್ಫಿಯದಲ್ಲಿ ಹೃದಯ ಮತ್ತು ಶ್ವಾಸಕೋಶಗಳೆರಡರ ಕೆಲಸವನ್ನೂ ಮೇಜಿನ ಬದಿಯ ಯಂತ್ರದಿಂದ ಮಾಡಿಸಿದರು. ಅದು ಶಸ್ತ್ರಚಿಕಿತ್ಸೆ ನಡೆಯುವಷ್ಟು ಹೊತ್ತಿನ ಮಾತು. ದಿನಗಟ್ಟಲೆ ವರ್ಷಗಟ್ಟಲೆ ದುಡಿಯುವ ಪಂಪುಗಳು ಮೊದಮೊದಲು ಹೃದಯವನ್ನೇ ಅನುಕರಿಸಿ ಹಿಗ್ಗಿ ಕುಗ್ಗುತ್ತಿದ್ದುವು. ಗಾತ್ರ ದೊಡ್ಡದು, ಪೊರೆ ಹರಿಯುವ ಭಯ ಬೇರೆ. ಬೇರೆ ದಾರಿ ತೋರಿದವರಲ್ಲಿ ರಿಚರ್ಡ್ ವಾಂಪ್ಲರ್ ಎಂಬವರೊಬ್ಬರು. 1976ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ಜನರು ಕೊಳವೆಯೊಳಗಿನ ತಿರುಪನ್ನು ಕೈಯಿಂದ ತಿರುಗಿಸಿ ನೀರೆತ್ತುತ್ತಿದ್ದುದನ್ನು ಅವರು ಕಂಡರು. ಅದು ಆರ್ಕಿಮಿಡೀಸನ ಕಾಲದ ಏತ. ರಕ್ತವನ್ನೂ ಹೀಗೆಯೇ ಎತ್ತಬಹುದಲ್ಲವೇ ಎಂದು ಅವರಿಗೆ ಹೊಳೆಯಿತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಿರುಪು ರಕ್ತಕಣಗಳನ್ನು ಅರೆದುಬಿಡುವುದೆಂದು ಬಲ್ಲವರು ನಕ್ಕರು. 1988ರಲ್ಲಿ ಹ್ಯೂಸ್ಟನ್ ನಗರದ ಫ್ರೇಜಿಯರ್ ಎಂಬ ಶಸ್ತ್ರವೈದ್ಯರು ಅದನ್ನು ರೋಗಿಯಲ್ಲಿ ಬಳಸಿದರು, ಕಣಗಳು ಅರೆದುಹೋಗಲಿಲ್ಲ. ತಿರುಗುವ ಪಂಪುಗಳ ಕಾಲವು ಮುಂದೆ ಬಂದಿತು. ಇಂದು ‘ಹಾರ್ಟ್‌ಮೇಟ್ 3’ ಎಂಬುದರಲ್ಲಿ ಚಕ್ರವು ಯಾವುದಕ್ಕೂ ತಗಲದೆ ಅಯಸ್ಕಾಂತದ ಬಲದಿಂದ ನಡುವೆ ತೇಲುತ್ತ ತಿರುಗುತ್ತದೆ. ಅಮೇರಿಕದಲ್ಲಿ ಅದಕ್ಕೆ 2017ರಲ್ಲಿ ವಯಸ್ಕರಿಗೂ 2020ರ ಕೊನೆಯಲ್ಲಿ ಮಕ್ಕಳಿಗೂ ಅನುಮತಿ ದೊರೆಯಿತು. ಇಂಥ ಪಂಪುಗಳನ್ನು ಧರಿಸಿದ ಎಷ್ಟೋ ಮಂದಿಗೆ ಕೈಯ ನಾಡಿ ಸಿಕ್ಕುವುದೇ ಇಲ್ಲ. ನಾಡಿ ಹಿಡಿದು ರೋಗ ಹೇಳುತ್ತಿದ್ದ ನಮ್ಮ ಹಳೆಯ ಪಂಡಿತರು ಇವರ ಮಣಿಗಂಟು ಮುಟ್ಟಿದರೆ ಏನೆನ್ನುತ್ತಿದ್ದರೋ!

ಆದರೆ ಈ ಪಂಪುಗಳೆಲ್ಲ ಎರಡು ಕುಕ್ಷಿಗಳಿರುವ ಹೃದಯದ ಎಡಬದಿಗೆಂದು ಮಾಡಿದುವು. ಏಕಕುಕ್ಷಿಯ ಮಕ್ಕಳಿಗೆ ಅವನ್ನು ಎರವಲು ತರಬೇಕಾಯಿತು. ಚಿಕ್ಕ ಮಕ್ಕಳಿಗೆಂದು ಜರ್ಮನಿಯಲ್ಲಿ ರಚಿತವಾದ ‘ಬರ್ಲಿನ್ ಹಾರ್ಟ್’ ದೇಹದ ಹೊರಗೆ ಹೊಟ್ಟೆಯ ಮೇಲೆ ಇರುತ್ತದೆ. ಅದರ ಅತಿ ಚಿಕ್ಕ ಕೋಣೆ 10 ಮಿಲಿಲೀಟರು, ಎರಡು ಚಹಾ ಚಮಚದಷ್ಟು. ಅದನ್ನು ಉತ್ತರ ಅಮೇರಿಕದಲ್ಲಿ 2007ರಿಂದ 2011ರವರೆಗೆ ಧರಿಸಿದ 281 ಮಕ್ಕಳ ಲೆಕ್ಕವು 2014ರಲ್ಲಿ ಪ್ರಕಟವಾಯಿತು. ಎರಡು ಕುಕ್ಷಿಗಳಿದ್ದ ಮಕ್ಕಳಲ್ಲಿ ನೂರಕ್ಕೆ 72ಕ್ಕೂ ಮಿಕ್ಕಿ ಬದಲಿ ಹೃದಯ ಸಿಕ್ಕಿಯೋ ತಾವೇ ಚೇತರಿಸಿಯೋ ಉಳಿದರು. ಏಕಕುಕ್ಷಿಯವರು 26 ಮಂದಿ, ಉಳಿದವರು 11. ಅವರಲ್ಲಿಯೂ ಫಾಂಟನ್ ಮೆಟ್ಟಲನ್ನು ದಾಟಿದ್ದ ಐವರಲ್ಲಿ ಮೂವರು, ಗ್ಲೆನ್ ಮೆಟ್ಟಲಲ್ಲಿದ್ದ ಹನ್ನೆರಡರಲ್ಲಿ ಏಳು, ಮೊದಲ ಮೆಟ್ಟಲಲ್ಲಿಯೇ ಇದ್ದ ಒಂಬತ್ತು ಶಿಶುಗಳಲ್ಲಿ ಒಂದೇ ಒಂದು. ಸಂಖ್ಯೆ ಚಿಕ್ಕದು, ಆದರೆ ಒಂದೊಂದರ ಹಿಂದೆಯೂ ಒಬ್ಬೊಬ್ಬ ತಾಯಿ ಇದ್ದಳು. ಅನಂತರದ ವರ್ಷಗಳಲ್ಲಿ ಒಂಟಿ ಕುಕ್ಷಿಯ ಬಲ ಕುಂದಿದ ಫಾಂಟನ್ ರೋಗಿಗಳಿಗೆ ಎದೆಯೊಳಗೇ ಇಡುವ ಪಂಪುಗಳು ನೆರವಾಗಿವೆ. ಬದಲಿ ಹೃದಯ ಸಿಕ್ಕುವವರೆಗೆ ದಿನ ದೂಡಲು ಅನೇಕರಿಗೆ ಸಾಧ್ಯವಾಗಿದೆ. ಗಾತ್ರದಲ್ಲಿ ಚಿಕ್ಕದೆಂದು ಮಕ್ಕಳ ವೈದ್ಯರು ನೆಚ್ಚಿಕೊಂಡಿದ್ದ ‘ಹಾರ್ಟ್‌ವೇರ್’ ಪಂಪಿನ ಮಾರಾಟವು 2021ರಲ್ಲಿ ನಿಂತುಹೋದಾಗ ಇವರಿಗೆ ಇದ್ದ ದಾರಿಯೂ ಕಿರಿದಾಯಿತು.

ಇಷ್ಟಾದರೂ ಕುಕ್ಷಿ ಗಟ್ಟಿಯಾಗಿಯೇ ಇದ್ದು, ಬಲಬದಿಯ ಒತ್ತಡದಿಂದಲೇ ನರಳುವವರಿಗೆ ಎಡದ ಪಂಪಿನಿಂದ ಪ್ರಯೋಜನ ಅಲ್ಪ. ಅವರಿಗೆ ಬೇಕಾದುದು ಶ್ವಾಸಕೋಶದ ಹಾದಿಯಲ್ಲಿ ಪಂಪು. ಬಹು ಚಿಕ್ಕ ಬಲ ಸಾಕು: 2ರಿಂದ 6 ಮಿಲಿಮೀಟರಿನಷ್ಟು ಒತ್ತಡವನ್ನು ಕೂಡಿಸಿದರೂ ಹಿಂದೆ ನಿಂತ ನೀರು ಇಳಿಯುತ್ತದೆ. ಇಷ್ಟು ಸುಲಭವಾದುದು ಏಕೆ ಕಷ್ಟ? ಮೊದಲನೆಯದಾಗಿ, 100 ಮಿಲಿಮೀಟರು ತಳ್ಳಲೆಂದು ಮಾಡಿದ ಪಂಪು ತೆಳುಗೋಡೆಯ ಮಹಾಸಿರೆಯನ್ನು ಹೀರಿ ಮುಚ್ಚಿಬಿಡುತ್ತದೆ. ಅಲ್ಲದೆ, ಹೃದಯದ ಬಲಬದಿಯಲ್ಲಿ ಇರಬೇಕಾದ ತೊಟ್ಟಿಯೇ ಈ ರೋಗಿಗಳಲ್ಲಿಲ್ಲ. ಇರುವುದು ನಾಲ್ಕು ದಾರಿಯ ಚೌಕ. ಕೆಳಗಿನ ದಾರಿಯಲ್ಲಿ ಪಂಪನ್ನಿಟ್ಟು ಮುಂದೆ ತಳ್ಳಿದರೆ ಅದು ಶ್ವಾಸಕೋಶಕ್ಕೂ ಹೋದೀತು, ಮೇಲಿನ ದಾರಿಯಲ್ಲಿ ತಲೆಯ ಕಡೆಗೂ ಏರೀತು. ಒಂದು ಗದ್ದೆಯ ನೀರನ್ನು ಎತ್ತಿ ಅದೇ ಕಟ್ಟಪುಣಿಯ ಆಚೆಗೆ ಸುರಿದರೆ ಅದು ಪಕ್ಕದ ಗದ್ದೆಗೂ ನುಗ್ಗುವುದಿಲ್ಲವೇ? ಇನ್ನೊಂದು ಭಯವೂ ಉಂಟು: ಕೊಳವೆಯ ನಡುವೆ ಇಟ್ಟ ಪಂಪು ಕೆಟ್ಟು ನಿಂತರೆ ಅದೇ ಬಿರಡೆಯಾಗುತ್ತದೆ. ಮೊದಲಿದ್ದ ಹರಿವೂ ನಿಲ್ಲುತ್ತದೆ.

ಈ ತೊಡಕಿಗೆ ಇಂಡಿಯಾನ ವಿಶ್ವವಿದ್ಯಾಲಯದ ಮಾರ್ಕ್ ರೋಡೆಫೆಲ್ಡ್ ಎಂಬ ಮಕ್ಕಳ ಹೃದಯ ಶಸ್ತ್ರವೈದ್ಯರೂ ಅವರ ಸಂಗಡಿಗರೂ ಕಂಡುಕೊಂಡ ಉಪಾಯವು ನಮಗೆ ಬಹಳ ಮೆಚ್ಚುಗೆಯಾಯಿತು. 1921ರಲ್ಲಿ ಫಾನ್ ಕಾರ್ಮಾನ್ ಎಂಬ ಗಣಿತಜ್ಞರು ದ್ರವದಲ್ಲಿ ತಿರುಗುವ ತಟ್ಟೆಯನ್ನು ಕುರಿತು ಒಂದು ಲೆಕ್ಕವನ್ನು ಬಿಡಿಸಿದ್ದರು: ತಟ್ಟೆ ತಿರುಗಿದಾಗ ದ್ರವವು ಅದರ ನಡುವಿಗೆ ಎಳೆಯಲ್ಪಟ್ಟು ಅಂಚಿನ ಕಡೆಗೆ ಎಸೆಯಲ್ಪಡುತ್ತದೆ. ಮಜ್ಜಿಗೆ ಕಡೆಯುವಾಗ ಕಡೆಗೋಲಿನ ಸುತ್ತ ನಡೆಯುವುದನ್ನು ಕಂಡವರಿಗೆ ಇದು ಹೊಸತಲ್ಲ. ಚೌಕದ ನಟ್ಟನಡುವೆ ಎರಡೂ ಮುಖ ಉಬ್ಬಿದ ಪುಟ್ಟ ತಟ್ಟೆಯೊಂದನ್ನಿಟ್ಟು ತಿರುಗಿಸಿದರೆ ಮೇಲಿನ ಸಿರೆಯಿಂದಲೂ ಕೆಳಗಿನ ಸಿರೆಯಿಂದಲೂ ರಕ್ತವನ್ನು ಎಳೆದು ಎಡಬಲದ ಶ್ವಾಸಕೋಶಗಳಿಗೆ ಎಸೆಯುತ್ತದೆ. ನಾಲ್ಕು ದಾರಿಗಳಿರುವುದು ತೊಡಕಾಗಿತ್ತಷ್ಟೆ. ಈ ತಟ್ಟೆಗೆ ಆ ನಾಲ್ಕು ದಾರಿಗಳೇ ಬೇಕು. ಬಲವೂ ಮೆಲ್ಲನೆಯದು, ಸಿರೆಯನ್ನು ಹೀರಿ ಮುಚ್ಚುವುದಿಲ್ಲ. ಇದನ್ನು ಅವರು 2010ರ ಸುಮಾರಿಗೆ ಪ್ರಕಟಿಸಿದರು. ಪ್ರಯೋಗಶಾಲೆಯಲ್ಲಿಯೂ ಪ್ರಾಣಿಗಳಲ್ಲಿಯೂ ಕೆಲಸ ನಡೆದಿದೆ. ಫಾಂಟನ್ ರಕ್ತಚಲನೆಯ ಬಲಬದಿಗೆಂದೇ ರಚಿತವಾದ ಪಂಪು ಯಾವುದೂ ಇನ್ನೂ ರೋಗಿಗಳ ನಿತ್ಯ ಬಳಕೆಗೆ ಬಂದಿಲ್ಲ.

ಬಂದರೂ ಕಷ್ಟಗಳು ತೀರುವುದಿಲ್ಲ. ವಿದ್ಯುತ್ತಿನ ತಂತಿ ಹೊಟ್ಟೆಯ ಚರ್ಮವನ್ನು ತೂರಿ ಹೊರಬರಬೇಕು. ಆ ತೂತಿನಲ್ಲಿ ಕೀವಾಗುವ ಭಯ. ರಕ್ತ ಹೆಪ್ಪುಗಟ್ಟದಿರಲು ಔಷಧ; ಔಷಧದಿಂದ ರಕ್ತಸ್ರಾವದ ಭಯ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಬ್ಯಾಟರಿ ತುಂಬಿಸುವ ಚಿಂತೆ. ಈಗ ಎಡಬದಿಗೆ ಬಳಸುವ ಪಂಪುಗಳ ಬೆಲೆಯೇ ನಮ್ಮ ದೇಶದಲ್ಲಿ ಹತ್ತಾರು ಲಕ್ಷ ರೂಪಾಯಿ. ಇಪ್ಪತ್ತೈದು ಡಾಲರಿನ ಆಟಿಕೆಯಿಂದ ಹೊರಟ ಕಥೆಯು ಇಲ್ಲಿಗೆ ಬಂದು ನಿಂತಿದೆಯೆಂದು ಹೇಳುವಾಗ ನಮಗೇ ನಾಲಗೆ ತಡವರಿಸುತ್ತದೆ.

ಇದನ್ನೆಲ್ಲ ತಾಯಿಗೆ ಹೇಳುತ್ತಿದ್ದಾಗ ಹುಡುಗಿಯೂ ಬದಿಯಲ್ಲಿ ಕುಳಿತು ಕೇಳುತ್ತಿದ್ದಳು. ಅವಳಿಗೆ ಸದ್ಯ ಯಾವ ಪಂಪೂ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಹೋಗಿ ಹೃದಯವನ್ನೂ ಯಕೃತ್ತನ್ನೂ ತೋರಿಸಿಕೊಂಡು ಬರಬೇಕೆಂದು ಕಾಗದದಲ್ಲಿ ಬರೆದಿತ್ತು. ಎರಡು ವರ್ಷಗಳಿಂದ ಹೋಗಿರಲಿಲ್ಲ. ಆಟವಾಡಿ ನಗುತ್ತಿರುವ ಮಗುವಿಗೆ ತೋರಿಸಲು ಏನಿದೆ ಎಂದು ಮನೆಯವರು ಎಣಿಸಿದ್ದರು. ಆ ವಾಕ್ಯವನ್ನು ನಾವು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ತಾರೀಕು ಸಹಿತ ತಾಯಿಯ ಕೈಗಿತ್ತೆವು. ಮುಂದಿನ ವಾರವೇ ಹೋಗಿ ಬಂದರು.

ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಮಾಷ್ಟ್ರೇ, ಆ ತಟ್ಟೆ ತಿರುಗುವುದು ನಿಂತರೆ?” ನಿಂತರೂ ಅದು ದಾರಿಗೆ ಅಡ್ಡವಾಗುವುದಿಲ್ಲ, ಉಬ್ಬಿದ ಅದರ ಎರಡು ಮುಖಗಳ ಮೇಲೆ ಜಾರಿ ರಕ್ತವು ಈಗ ಹರಿಯುವಂತೆಯೇ ಹರಿದುಹೋಗುವ ಹಾಗೆ ಅದನ್ನು ರಚಿಸಿದ್ದಾರೆ ಎಂದು ನಾವು ಹೇಳಿದೆವು. ಅವಳು ತಲೆಯಾಡಿಸಿದಳು. ಈ ವರ್ಷದ ಆಟೋಟದಲ್ಲಿ ಗೇರುಮರದ ಬುಡಕ್ಕೆ ಮೇಜು ಕುರ್ಚಿ ಹಾಕಿಸಿದ್ದೆವು. ಖೋ ಖೋ ಪಂದ್ಯದ ಅಂಕಗಳನ್ನು ಬರೆದುಕೊಂಡವಳು ಅವಳೇ.